ಮಧ್ಯಾಹ್ನದ ಪೊಟ್ಟಣ ನಿಲ್ಲಿಸುತ್ತಿದ್ದೇವೆ, ಸಂಜೆ ಊಟ ಶುರು ಮಾಡುತ್ತಿದ್ದೇವೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಏಪ್ರಿಲ್ 1ರಿಂದ ನಮ್ಮ ಅಡುಗೆಮನೆಯಲ್ಲಿ ಕೆಲವು ಬದಲಾವಣೆ ಆಗುತ್ತಿವೆ. ಇಲ್ಲಿ ಬಿಡದಿಯ ವಂಡರ್‌ಲಾ ಆಟದ ಪಾರ್ಕಿಗೆ ಹೋಗುವ ಕುಟುಂಬಗಳಿಗೆ ಕಟ್ಟಿಕೊಡುತ್ತಿದ್ದ ಮಧ್ಯಾಹ್ನದ ಅನ್ನದ ಪೊಟ್ಟಣ ಇನ್ನು ಇರುವುದಿಲ್ಲ. ಅದರ ಬದಲು ಸಂಜೆ 5ರಿಂದ 8ರವರೆಗೆ ಬಿಸಿ ಊಟ ಬಡಿಸುತ್ತೇವೆ. ನಾಲ್ಕು ಜನರ ಬೆಳಗಿನ ತಿಂಡಿ 220 ರೂಪಾಯಿ ಇದ್ದದ್ದು 260 ಆಗುತ್ತದೆ.

ಬೇಸಿಗೆ ರಜೆ ಶುರುವಾಗುವ ಹೊತ್ತಿಗೇ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ಬೇಜಾರಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಬರುವವರು ಮೊದಲೇ ಲೆಕ್ಕ ಹಾಕಿ ಬರುತ್ತೀರಿ. ಟಿಕೆಟ್ಟಿಗೆ ಇಷ್ಟು, ಬಟ್ಟೆ ಲಾಕರಿಗೆ ಇಷ್ಟು, ಊಟಕ್ಕೆ ಇಷ್ಟು ಅಂತ. ಆ ಲೆಕ್ಕದಲ್ಲಿ ನಮ್ಮ ಪೊಟ್ಟಣಕ್ಕೂ ಒಂದು ಜಾಗ ಇತ್ತು. ಅದು ನಮಗೆ ಚೆನ್ನಾಗಿ ಗೊತ್ತು.

ಸುದ್ದಿ ತಿಳಿದಾಗಿನಿಂದ ನಾವು ಜಾಸ್ತಿ ಕೇಳಿದ ಮಾತು ಒಂದೇ. "ಪೊಟ್ಟಣ ನಿಲ್ಲಿಸಿದರೆ ನಾವು ಒಳಗಡೆಯೇ ದುಡ್ಡು ಸುರಿಯಬೇಕಲ್ವಾ? ನೀವು ಯಾರ ವ್ಯಾಪಾರ ಮಾಡಿಕೊಡ್ತಿದ್ದೀರಿ?" ಫೋನಿನಲ್ಲಿ ಕೇಳಿದ್ದೀರಿ, ಅಂಗಡಿ ಮುಂದೆ ನಿಂತು ಕೇಳಿದ್ದೀರಿ. ಈ ಮಾತು ನಮಗೆ ನೋವು ತಂದಿದೆ. ಅದಕ್ಕೇ ಬಿಡಿಸಿ ಹೇಳುತ್ತೇವೆ.

ಹೊರಗಿನ ಊಟ ಪಾರ್ಕಿನೊಳಗೆ ಬಿಡುವುದಿಲ್ಲ. ಅದು ಅಲ್ಲಿನ ನಿಯಮ, ನಮ್ಮದಲ್ಲ. ಹಾಗಾಗಿ ಬೆಳಗ್ಗೆ ನಾವು ಕಟ್ಟಿಕೊಟ್ಟ ಮೊಸರನ್ನ, ಚಿತ್ರಾನ್ನ ಕಾರಿನಲ್ಲೇ ಉಳಿಯುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 35 ಡಿಗ್ರಿ ಬಿಸಿಲಿದ್ದರೆ ಬಾಗಿಲು ಹಾಕಿದ ಕಾರಿನೊಳಗೆ 50 ಡಿಗ್ರಿ ದಾಟುತ್ತದೆ. ಬೇಯಿಸಿದ ಅನ್ನವನ್ನು 32 ಡಿಗ್ರಿಗಿಂತ ಜಾಸ್ತಿ ಬಿಸಿಲಿರುವಾಗ ಒಂದು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು ಅನ್ನುವುದು ಆಹಾರ ಸುರಕ್ಷತೆಯ ಸಾಮಾನ್ಯ ಲೆಕ್ಕ. ನಮ್ಮ ಪೊಟ್ಟಣ ನಾಲ್ಕೈದು ಗಂಟೆ ಅಲ್ಲೇ ಕೂತಿರುತ್ತಿತ್ತು. ಮೊಸರನ್ನ ಹುಳಿಯಾದರೆ ನಾಲಿಗೆಗೆ ಗೊತ್ತಾಗುತ್ತದೆ. ಬರೀ ಅನ್ನದಲ್ಲಿ ಹಾಗಲ್ಲ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯೂ ಬರದೇ ಇರಬಹುದು. ನೀರಿನಲ್ಲಿ ಆಡಿ, ಹಸಿದು ಬಂದ ಮಗುವಿನ ಕೈಗೆ ಅಂಥ ಅನ್ನ ಹೋಗುವುದು ನಮಗೆ ಬೇಡ.

"ಅಜ್ಜಿ ಕಾಲದಲ್ಲಿ ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಹೋಗ್ತಿರಲಿಲ್ವಾ?" ಅಂತ ಒಬ್ಬ ಹಿರಿಯರು ಕೇಳಿದರು. ಹೋಗುತ್ತಿದ್ದರು, ನಾವೂ ಹೋಗಿದ್ದೇವೆ. ಆದರೆ ಆ ಬುತ್ತಿಯಲ್ಲಿ ಇರುತ್ತಿದ್ದದ್ದು ರಾಗಿ ರೊಟ್ಟಿ, ಎಣ್ಣೆ ಮುಂದಾಗಿ ಹುಣಿಸೆ ಗೊಜ್ಜು ಕಲಸಿದ ಪುಳಿಯೋಗರೆ. ಗಾಳಿಯಾಡುವ ಬಟ್ಟೆಯ ಗಂಟು, ಮರದ ನೆರಳು. ಮಧ್ಯಾಹ್ನದೊಳಗೆ ಬಿಚ್ಚಿ ತಿಂದು ಮುಗಿಸುತ್ತಿದ್ದರು. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಗೂ ಅದಕ್ಕೂ ಹೋಲಿಕೆ ಇಲ್ಲ. ಇನ್ನು ಚಲ್ಲಘಟ್ಟದವರೆಗೆ ಮೆಟ್ರೋ, ಅಲ್ಲಿಂದ ಬಸ್ಸು ಹಿಡಿದು ಬರುವವರು, ಬಿಡದಿ ಸ್ಟೇಷನ್ನಿನಲ್ಲಿ ರೈಲು ಇಳಿದು ಬರುವವರು ಪೊಟ್ಟಣವನ್ನು ಎಲ್ಲಿ ತಾನೇ ಇಡಬೇಕು?

ಈಗ ದುಡ್ಡಿನ ಮಾತು. ಒಳಗೆ ಒಂದು ಹೊತ್ತು ತಿನ್ನಲೇಬೇಕು, ನಿಜ. ಆದರೆ ಮೂರು ಹೊತ್ತಿನ ಭಾರ ಅಲ್ಲಿ ಹಾಕಬೇಕಿಲ್ಲ. ಪಾರ್ಕಿನ ಬಾಗಿಲು ತೆರೆಯುವುದು 11ರ ಹೊತ್ತಿಗೆ. ನಮ್ಮಲ್ಲಿಗೆ 8 ಗಂಟೆಗೆ ಬಂದು ತಿಂಡಿ ತಿಂದರೆ 12ಕ್ಕೇ ಹೊಟ್ಟೆ ಚುರುಗುಟ್ಟುತ್ತದೆ. ಒಂಬತ್ತೂವರೆ, ಹತ್ತಕ್ಕೆ ಬನ್ನಿ. ದೊಡ್ಡವರಿಗೆ ಎರಡು ತಟ್ಟೆ ಇಡ್ಲಿ, ಮಕ್ಕಳಿಗೆ ಒಂದೊಂದು, ಜೊತೆಗೆ ಚಟ್ನಿ, ಸಾಗು, ಮೇಲೊಂದು ಉಂಡೆ ಬೆಣ್ಣೆ. ಆವಿಯಲ್ಲಿ ಬೆಂದದ್ದು, ಎಣ್ಣೆ ಇಲ್ಲ. ಗಿರಗಿರ ತಿರುಗುವ ಆಟ ಹತ್ತಿದರೂ ಹೊಟ್ಟೆ ತೊಳೆಸುವುದು ಕಡಿಮೆ. ಪೂರಿ, ವಡೆ ತಿಂದು ಹತ್ತಬೇಡಿ ಅಂತ ನಾವು ಮೊದಲಿನಿಂದಲೂ ಹೇಳುತ್ತಲೇ ಇದ್ದೇವೆ. ಅದೂ ನಮ್ಮದೇ ವಡೆ!

ಹೀಗೆ ತಿಂದು ಹೋದರೆ ಮಧ್ಯಾಹ್ನ ಎರಡು ಗಂಟೆವರೆಗೆ ತಡೆಯುತ್ತದೆ. ಆಗ ನಾಲ್ಕು ಜನಕ್ಕೆ ನಾಲ್ಕು ಊಟ ಬೇಡ, ಎರಡು ತೆಗೆದುಕೊಂಡು ಹಂಚಿಕೊಳ್ಳಿ. ಸಂಜೆ ನಮ್ಮಲ್ಲಿ ಪೂರ್ತಿ ಊಟ ಇದೆಯಲ್ಲ. ನೀರಿನ ಬಾಟಲಿ ಕೊಳ್ಳುವ ಮುಂಚೆ ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಐಸ್‌ಕ್ರೀಮ್ ಎಷ್ಟು, ಯಾವಾಗ ಅಂತ ಒಳಗೆ ಹೋಗುವ ಮುಂಚೆಯೇ ಮಕ್ಕಳ ಹತ್ತಿರ ಮಾತಾಡಿಕೊಳ್ಳಿ. ಒಳಗೆ ಹೋದ ಮೇಲೆ ಆ ಮಾತು ನಡೆಯುವುದಿಲ್ಲ. ಕೈಕೂಸು ಇರುವವರು, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕಾದ ಸಕ್ಕರೆ ಕಾಯಿಲೆಯವರು ಗೇಟಿನಲ್ಲಿ ಮೊದಲೇ ವಿಚಾರಿಸಿ. ಕೂಸಿಗೆ ರಾಗಿ ಸರಿ ಬೇಕಿದ್ದರೆ ನಾವು ಮಾಡಿಕೊಡುತ್ತೇವೆ, ಅದಕ್ಕೆ ದುಡ್ಡು ಬೇಡ.

ಸಂಜೆ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು, ಅನ್ನ, ಪಲ್ಯ, ಮಜ್ಜಿಗೆ. ಮುದ್ದೆ ಬೇಡ ಅನ್ನುವ ಮಕ್ಕಳಿಗೆ ಅನ್ನ, ಬೇಳೆ ಸಾರು, ತುಪ್ಪ. ನಾಲ್ಕು ಜನಕ್ಕೆ 340 ರೂಪಾಯಿ. ಎರಡನೇ ಸಲ ಬಡಿಸಿದರೆ ಬೇರೆ ದುಡ್ಡು ಇಲ್ಲ. ತಿಂಡಿ, ಊಟ ಸೇರಿ 600 ಆಗುತ್ತದೆ. ಹಳೆಯ ತಿಂಡಿ, ಪೊಟ್ಟಣದ ಲೆಕ್ಕಕ್ಕಿಂತ ಇದು ಜಾಸ್ತಿ ಅಂತ ನಮಗೂ ಕಾಣುತ್ತದೆ. ಆದರೆ ಮನೆಗೆ ಹೋಗುವಾಗ ಹೆದ್ದಾರಿ ಬದಿಯ ಹೋಟೆಲಿನಲ್ಲಿ ರಾತ್ರಿ ಊಟಕ್ಕೆ ಕೊಡುತ್ತಿದ್ದದ್ದನ್ನೂ ಸೇರಿಸಿ ನೋಡಿ. ಆ ಖರ್ಚು ಈಗ ಉಳಿಯುತ್ತದೆ.

ತಿಂಡಿಯ 40 ರೂಪಾಯಿ ಏರಿಕೆ ಬಗ್ಗೆಯೂ ಬೈಸಿಕೊಂಡಿದ್ದೇವೆ. ನಾವು ಲಾಭ ಜಾಸ್ತಿ ಮಾಡಿಕೊಳ್ಳಲು ಏರಿಸಿದ್ದಲ್ಲ. ಮನೆಯ ಸಿಲಿಂಡರ್ ರೇಟು ನೋಡಿ ನಮ್ಮನ್ನು ಅಳೆಯಬೇಡಿ. 14.2 ಕೆಜಿಯ ಆ ಸಿಲಿಂಡರನ್ನು ನಾವು ಬಳಸುವಂತಿಲ್ಲ. ನಮ್ಮದು 19 ಕೆಜಿಯ ಕಮರ್ಷಿಯಲ್ ಸಿಲಿಂಡರ್, ಅದರ ರೇಟು ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಕಿಗೆ ಬದಲಾಗುತ್ತದೆ. ಹಾಲು, ಮೊಸರು 2025ರ ಏಪ್ರಿಲ್‌ನಲ್ಲಿ ಲೀಟರಿಗೆ, ಕೆಜಿಗೆ 4 ರೂಪಾಯಿ ಏರಿದಾಗ ನಾವು ಕಾಫಿ ರೇಟು ಮುಟ್ಟಲಿಲ್ಲ. ಕಾಫಿಪುಡಿ ಏರಿದಾಗಲೂ ಸುಮ್ಮನಿದ್ದೆವು. "ಬೆಣ್ಣೆ, ತುಪ್ಪದ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತಲ್ಲ" ಅಂತ ಕೇಳಿದವರಿದ್ದಾರೆ. ಇಳಿಯಿತು. ಅದಕ್ಕೇ ಬೆಣ್ಣೆಯ ಉಂಡೆ ಮೊದಲಿಗಿಂತ ಸ್ವಲ್ಪ ದೊಡ್ಡದಾಗಿದೆ, ನೋಡಿರಬಹುದು.

ಇನ್ನೊಂದು ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ, ಬಟ್ಟೆಯದು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸಬಾರದು ಅಂತ ಸರ್ಕಾರ 2025ರ ಫೆಬ್ರವರಿಯಲ್ಲಿ ಹೇಳಿತು. ನಾವು ಆ ಹಾಳೆಯನ್ನು ಯಾವತ್ತೂ ಅಡುಗೆಮನೆಗೆ ತಂದವರಲ್ಲ. ಮೊದಲಿನಿಂದಲೂ ಹತ್ತಿ ಬಟ್ಟೆಯೇ. ಪ್ರತಿ ತಟ್ಟೆಗೊಂದು ಬಟ್ಟೆ ಹಾಸಬೇಕು. ದಿನವೂ ಬಿಸಿನೀರಿನಲ್ಲಿ ಕುದಿಸಿ, ಒಗೆದು, ಬಿಸಿಲಿಗೆ ಹಾಕಬೇಕು. ಬಟ್ಟೆ ಬೇಗ ಜಾಳಾಗುತ್ತದೆ, ಹೊಸದು ತರಬೇಕು. ಒಗೆಯುವುದಕ್ಕೆಂದೇ ನಮ್ಮಲ್ಲಿ ಒಬ್ಬ ಅಕ್ಕ ಬೆಳಗ್ಗೆಯಿಂದ ಕೆಲಸ ಮಾಡುತ್ತಾರೆ. ಅವರ ಸಂಬಳದಲ್ಲಿ ಒಂದು ರೂಪಾಯಿಯನ್ನೂ ನಾವು ಉಳಿಸಲು ಹೋಗಿಲ್ಲ, ಹೋಗುವುದೂ ಇಲ್ಲ. ಇಡ್ಲಿಯ ಗಾತ್ರವನ್ನೂ ಸಣ್ಣದು ಮಾಡಿಲ್ಲ. ಬೇಕಿದ್ದರೆ ಹಳೆಯ ಫೋಟೋ ಪಕ್ಕ ಇಟ್ಟು ನೋಡಿ.

ಊಟಕ್ಕೆ ಹಿಂದಿನ ದಿನ ರಾತ್ರಿ 8ರೊಳಗೆ ವಾಟ್ಸಾಪ್ ಮಾಡಿ. ನಿಮ್ಮ ಹತ್ತಿರ ಇರುವ ಅದೇ ನಂಬರು. ಎಷ್ಟು ಜನ, ಅದರಲ್ಲಿ ಮಕ್ಕಳು ಎಷ್ಟು, ಖಾರ ಬೇಕಾ ಬೇಡವಾ ಅಷ್ಟು ಬರೆದರೆ ಸಾಕು. ತಡವಾಗಿ ಹೊರಡುವ ಬಸ್ಸಿನವರು, ರೈಲಿನವರು ಕೂತು ಉಣ್ಣಲು ಆಗದಿದ್ದರೆ ಕೋಡುಬಳೆ, ಹುರಿಗಾಳು, ಏಲಕ್ಕಿ ಬಾಳೆಹಣ್ಣಿನ ಒಣ ಬುತ್ತಿ 80 ರೂಪಾಯಿಗೆ ಕಟ್ಟಿಕೊಡುತ್ತೇವೆ. ಅದು ಬಿಸಿಲಿಗೆ ಅಷ್ಟು ಬೇಗ ಕೆಡುವುದಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಬರುವವರು ಬಿಡದಿಗೆ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿಯಿರಿ, ಇಲ್ಲದಿದ್ದರೆ ಊರು ದಾಟಿಬಿಡುತ್ತೀರಿ.

ಏಪ್ರಿಲ್ ತಿಂಗಳ ಪೊಟ್ಟಣಕ್ಕೆ ಈಗಾಗಲೇ ದುಡ್ಡು ಕೊಟ್ಟವರು ಚಿಂತೆ ಮಾಡಬೇಡಿ. ಅದೇ ದುಡ್ಡಿಗೆ ಸಂಜೆ ಊಟ ಹಾಕುತ್ತೇವೆ, ವ್ಯತ್ಯಾಸ ಕೇಳುವುದಿಲ್ಲ. ಊಟ ಬೇಡ ಅನ್ನುವವರಿಗೆ ಪೂರ್ತಿ ದುಡ್ಡು ವಾಪಸ್ ಕೊಡುತ್ತೇವೆ.

ಇಂತಿ ನಿಮ್ಮ,
ಅಡುಗೆಮನೆಯ ಎಲ್ಲರ ಪರವಾಗಿ
ಮಹಿಳಾ ಸಂಘ, ಬಿಡದಿ