ಮೊಂತೋನೆಗೊಮ್ಮೆ ಹೋಗಿ ಬಾ, ಮಗಳೇ

ಪ್ರೀತಿಯ ಪುಟ್ಟಿ,

ಇಟಲಿಯ ಪೆರೂಜಾದಲ್ಲಿ ರೂಮ್ ಸಿಕ್ಕಿತು, ಕ್ಲಾಸೂ ಶುರುವಾಯಿತು ಅಂದೆಯಲ್ಲ, ಸಮಾಧಾನವಾಯಿತು. ಇನ್ನು ಒಂದು ರಜಾ ದಿನ ನನಗಾಗಿ ತೆಗೆದಿಡು. ಅಲ್ಲೇ ಉತ್ತರಕ್ಕೆ, ಬೆಟ್ಟದ ಮೇಲೆ ಮೊಂತೋನೆ ಅಂತ ಪುಟ್ಟ ಊರಿದೆ. 2023ರ ಜುಲೈನಲ್ಲಿ ಅಲ್ಲಿ ನಮ್ಮ ಸೈನಿಕನೊಬ್ಬನ ಹೆಸರಿನಲ್ಲಿ ಸ್ಮಾರಕ ಮಾಡಿದ್ದಾರೆ. ಹೆಸರು ಯಶವಂತ ಘಾಡಗೆ, ಸೈನ್ಯದಲ್ಲಿ ನಾಯಕ್ ಹುದ್ದೆ.

ನೀನು ಬೆಳಗಾವಿಯಲ್ಲಿ ಬೆಳೆದವಳು. ಮರಾಠಾ ಲೈಟ್ ಇನ್‌ಫೆಂಟ್ರಿಯ ಹುಡುಗರು ಕ್ಯಾಂಪಿನಲ್ಲಿ ಓಡುವುದನ್ನು ನೋಡಿಕೊಂಡೇ ಶಾಲೆಗೆ ಹೋದವಳು. ಘಾಡಗೆ ಅದೇ ರೆಜಿಮೆಂಟಿನವನು. ಊರು ರಾಯಗಡ ಜಿಲ್ಲೆಯ ಪಳಸಗಾಂವ್. ಎರಡನೇ ಮಹಾಯುದ್ಧದಲ್ಲಿ, 1944ರ ಜುಲೈ 10ರಂದು, ತೈಬರ್ ನದಿಯ ಕಣಿವೆಯಲ್ಲಿ ಅವನ ತುಕಡಿಯ ಮೇಲೆ ಜರ್ಮನ್ನರ ಮಷಿನ್ ಗನ್ ತೀರಾ ಹತ್ತಿರದಿಂದ ಗುಂಡು ಹಾರಿಸಿತು. ಜೊತೆಗಿದ್ದವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಉಳಿದವನು ಇವನೊಬ್ಬನೇ. ಗ್ರೆನೇಡ್ ಎಸೆದು ಗನ್ನಿನ ಸದ್ದಡಗಿಸಿದ. ಗನ್ನಿನ ಹತ್ತಿರವಿದ್ದವರಲ್ಲಿ ಒಬ್ಬನಿಗೆ ಗುಂಡು ಹೊಡೆದ. ಮ್ಯಾಗಜಿನ್ ಬದಲಿಸಲು ಹೊತ್ತಿರಲಿಲ್ಲ. ನಳಿಗೆ ಹಿಡಿದು, ಬಂದೂಕಿನಿಂದಲೇ ಉಳಿದಿಬ್ಬರನ್ನು ಬಡಿದು ಕೊಂದ. ಆಮೇಲೆ ಅಡಗಿ ಕೂತವರ ಗುಂಡು ತಾಗಿ ತಾನೂ ಸತ್ತ. ವಯಸ್ಸು 22. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂದಾಗ ತೆಗೆದುಕೊಳ್ಳಲು ಅವನಿರಲಿಲ್ಲ.

ಓದಿದರೆ ಸಂಕಟವಾಗುತ್ತದೆ, ಗೊತ್ತು. ಸುಮ್ನೆ ಶೂರ ಅಂದುಬಿಟ್ಟರೆ ಆ ಹುಡುಗ ಏನು ಅನುಭವಿಸಿದ ಅಂತ ತಿಳಿಯುವುದಿಲ್ಲ. ಅದಕ್ಕೇ ಬಿಡಿಸಿ ಬರೆದೆ.

ಇಟಲಿಯಲ್ಲಿ ಹೋರಾಡಿದ ನಮ್ಮವರು 50,000ಕ್ಕೂ ಜಾಸ್ತಿ. ಸತ್ತವರು 5,782. ಆಗ ನಮಗೇ ಸ್ವಾತಂತ್ರ್ಯ ಇರಲಿಲ್ಲ, ಅಲ್ವಾ? ಬ್ರಿಟಿಷರ ಪರ ಹೋದವರು ಅಂತ ನಾವು ಅವರನ್ನು ಹೆಚ್ಚುಕಡಿಮೆ ಮರೆತೇ ಬಿಟ್ಟೆವು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಆ ಬೇಸಿಗೆಯಲ್ಲಿ ಜರ್ಮನ್ನರಿಂದ ತಮ್ಮ ಕಣಿವೆಯನ್ನು ಬಿಡಿಸಲು ಎಲ್ಲೆಲ್ಲಿಂದ ಜನ ಬಂದಿದ್ದರು ಅನ್ನುವುದನ್ನು ಮೊಂತೋನೆ ಮರೆತಿಲ್ಲ.

ಸ್ಮಾರಕ ಒಂದು ನೆರಳು ಗಡಿಯಾರ. ನಾವೆಲ್ಲ ಒಂದೇ ಸೂರ್ಯನ ಕೆಳಗಿನವರು ಎನ್ನುವ ಅರ್ಥದ ಲ್ಯಾಟಿನ್ ಮಾತು ಅದರದ್ದು. ಬಿಸಿಲಿರುವ ದಿನವೇ ಹೋಗು.

ಘಾಡಗೆಗೆ ಗೋರಿ ಇಲ್ಲ. ರೋಮ್‌ನಿಂದ ದಕ್ಷಿಣಕ್ಕೆ ಕಸ್ಸಿನೊದಲ್ಲಿ, ಗೋರಿಯ ಗುರುತೇ ಇಲ್ಲದ 4,000ಕ್ಕೂ ಹೆಚ್ಚು ಸೈನಿಕರ ಹೆಸರು ಕೆತ್ತಿದ್ದಾರೆ. ಅವನ ಹೆಸರೂ ಅಲ್ಲಿದೆ. ರಜೆಯಲ್ಲಿ ರೋಮ್‌ಗೆ ಹೋಗುತ್ತೀಯಲ್ಲ, ಅಲ್ಲಿಂದ ಕಸ್ಸಿನೊಗೆ ರೈಲಿದೆ. ಅವನ ಹೆಸರು ಹುಡುಕಿ ಫೋಟೋ ಕಳಿಸು. ಎರಡೂ ಕಡೆ ಹೂವು ಒಯ್ಯಬೇಕಂತೆ, ನಿನ್ನ ಅಮ್ಮನ ಅಪ್ಪಣೆ. ದುಡ್ಡು ಹಾಕುತ್ತೇನೆ.

ನಿನ್ನ ಅಪ್ಪ