ಹೋಂಸ್ಟೇಗೆ ನೋಂದಣಿ ಇದೆಯಾ ಅಂತ ಮೊದಲು ಕೇಳಿ

ಮಾನ್ಯ ಸಂಪಾದಕರೇ,

ನಂದಿ ಬೆಟ್ಟದ ತಪ್ಪಲಲ್ಲಿ ನಮ್ಮ ದ್ರಾಕ್ಷಿ ತೋಟವಿದೆ. ತೋಟದ ಮನೆಯ ಮಹಡಿಯಲ್ಲಿರುವ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತೇವೆ. ಅತ್ತೆ, ಯಜಮಾನರು, ನಾನು ಕೆಳಗಡೆಯೇ ಇರುತ್ತೇವೆ. ಠಾಣೆಗೆ ಓಡಾಡಿ ಪೊಲೀಸರ ಒಪ್ಪಿಗೆ ಪಡೆದು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿದ್ದೇವೆ.

2023ರ ಜನವರಿಯಲ್ಲಿ ನಮ್ಮ ಹತ್ತಿರದ ಆವಲಗುರ್ಕಿಯಲ್ಲಿ ಆದಿಯೋಗಿ ಶಿವನ ಪ್ರತಿಮೆ ಅನಾವರಣವಾಯಿತು. ಆಮೇಲೆ ಈ ಕಡೆ ಶನಿವಾರ, ಭಾನುವಾರ ಬರುವವರು ಜಾಸ್ತಿಯಾದರು. ಬಾಡಿಗೆಯ ಫಾರ್ಮ್‌ಹೌಸ್‌ಗಳೂ ಹೆಚ್ಚಿದವು. ಜನ ಬರಲಿ, ನಮಗೂ ಅದೇ ಬೇಕು. ಆದರೆ ಹೋಂಸ್ಟೇ ಅಂದ ಮೇಲೆ ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು, ಅಲ್ವಾ? ನಮ್ಮ ಪಕ್ಕದ ತೋಟದ ಮನೆಯಲ್ಲಿ ಬೀಗದ ಕೈ ಕೊಡುವ ಹುಡುಗನನ್ನು ಬಿಟ್ಟರೆ ಯಾರೂ ಇಲ್ಲ. ಮಾಲೀಕರು ಇರುವುದು ಬೆಂಗಳೂರಿನಲ್ಲಿ. ಆ್ಯಪ್‌ನಲ್ಲಿ ಮಾತ್ರ ಅದೂ ಹೋಂಸ್ಟೇ!

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ 2000ನೇ ಇಸವಿಯಿಂದಲೇ ಇದೆ. ಅಲ್ಲಿ ಮಧ್ಯರಾತ್ರಿ ದಾಟಿದರೂ ಡಿಜೆ ನಿಲ್ಲುವುದಿಲ್ಲ. ಬೆಳಗಿನ ಜಾವಕ್ಕೇ ಎದ್ದು ಹೂವು ಕಿತ್ತು ಮಾರುಕಟ್ಟೆಗೆ ಹಾಕುವ ಊರು ನಮ್ಮದು. ನಿದ್ದೆಯಿಲ್ಲದೆ ಹೇಗೆ ದುಡಿಯುವುದು? ಹುಡುಗನಿಗೆ ಹೇಳಿದರೆ ಮಾಲೀಕರನ್ನು ಕೇಳಿ ಅನ್ನುತ್ತಾನೆ. ಮಾಲೀಕರು ಫೋನ್ ಎತ್ತುವುದಿಲ್ಲ.

ಬರುವ ಅತಿಥಿಗಳಿಗೂ ಒಂದು ಮಾತು. ಎಲ್ಲರ ಗುರುತಿನ ಚೀಟಿ ಕೇಳಿದರೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಸುಮ್ನೆ ಕೇಳುವುದಲ್ಲ, ಯಾರು ಉಳಿದಿದ್ದರು ಎಂಬುದಕ್ಕೆ ನಮ್ಮ ಪುಸ್ತಕದಲ್ಲಿ ದಾಖಲೆ ಇರಬೇಕು. ಆಧಾರ್ ನಂಬರ್ ಪೂರ್ತಿ ಕೊಡಲು ಭಯವಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತನ್ನಿ. ಅದನ್ನು ಆಧಾರ್ ವೆಬ್‌ಸೈಟ್‌ನಲ್ಲೇ ಇಳಿಸಿಕೊಳ್ಳಬಹುದು. ವಿದೇಶಿಯರು ಬಂದರೆ ನಾವು 24 ಗಂಟೆಯೊಳಗೆ ಅವರ ಮಾಹಿತಿಯ ಫಾರ್ಮ್ ಅನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತುಂಬಿ ಕಳಿಸಬೇಕು. ಪಾಸ್‌ಪೋರ್ಟ್, ವೀಸಾ ವಿವರ ಇಲ್ಲದೆ ಅದು ಆಗುವುದಿಲ್ಲ.

ಅಡ್ವಾನ್ಸ್ ಕಳಿಸುವ ಮೊದಲು ನೀವೂ ನೋಂದಣಿ ಪತ್ರ ಕೇಳಿ. ಮನೆಯವರು ಅಲ್ಲೇ ಇರುತ್ತಾರಾ ಅಂತಲೂ ಕೇಳಿ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಯ ದಾರಿ ತೋರಿಸಲು ಒಬ್ಬರಾದರೂ ಬೇಕಲ್ಲ.

ಪ್ರವಾಸೋದ್ಯಮ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ನೋಂದಣಿಯಾದ ಹೋಂಸ್ಟೇಗಳ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಾಕಿಸಿ. ಆ್ಯಪ್‌ಗಳಲ್ಲಿ ನೋಂದಣಿ ಸಂಖ್ಯೆ ಇಲ್ಲದ ಮನೆಯನ್ನು ಹೋಂಸ್ಟೇ ಎಂದು ತೋರಿಸದಂತೆ ಮಾಡಿ. ಹೊಸ ವರ್ಷದ ಗದ್ದಲಕ್ಕೆ ಮುಂಚೆಯೇ ಒಮ್ಮೆ ಶನಿವಾರ ರಾತ್ರಿ ಬಂದು ತಪಾಸಣೆ ನಡೆಸಿ.

– ಹೋಂಸ್ಟೇ ನಡೆಸುವ ರೈತ ಮಹಿಳೆ, ನಂದಿ ಹೋಬಳಿ, ಚಿಕ್ಕಬಳ್ಳಾಪುರ