ನಿನ್ನ ಫೋಟೋ ಜಾಹೀರಾತಲ್ಲಿ ಬಂದಿರೋ ವಿಷಯ

ಚಿನ್ನು,

ನಿನ್ನ ಮೆಸೇಜ್ ನೋಡ್ದೆ. ಯಾವ್ದೋ ಕ್ರೀಮ್ ಮಾರೋರು ನಿನ್ನ ಪ್ರೊಫೈಲಿಂದ ಫೋಟೋ ಎತ್ಕೊಂಡು, ಒಂದ್ಕಡೆ ಮುಖ ಕಪ್ಪು ಮಾಡಿ "ಮೊದಲು" ಅಂತ, ಇನ್ನೊಂದ್ಕಡೆ ತಿದ್ದಿ "ಆಮೇಲೆ" ಅಂತ ಹಾಕಿದಾರೆ, ನೀನು ಹೋಗಿ ಕಾಮೆಂಟಲ್ಲಿ ಚೆನ್ನಾಗಿ ಉಗಿದು ಬಂದಿದ್ದೀಯ. ಉಗಿದಿದ್ದು ಆಯ್ತು, ಇನ್ನು ಸುಮ್ನಿರು. ಸಿಟ್ಟು ಮಾಡ್ಕೋಬೇಡ ಅಂತಿಲ್ಲ ನಾನು, ಆದ್ರೆ ನೀನು ಬೆನ್ನು ಹತ್ತಿದ್ದೀಯ ಅಂತ ಗೊತ್ತಾದ ತಕ್ಷಣ ಪೋಸ್ಟ್ ತೆಗೆದುಬಿಟ್ಟು ನಾವು ಹಾಕೇ ಇಲ್ಲ ಅಂತಾರೆ, ವಕೀಲರ ಆಫೀಸಲ್ಲಿ ಕೂತು ಕೂತು ನಾನು ನೋಡಿರೋದು ಇದನ್ನೇ.

ಮೊದ್ಲು ಸಾಕ್ಷಿ. ನೀನು ಕಳಿಸಿದ ಸ್ಕ್ರೀನ್‌ಶಾಟಲ್ಲಿ ಬರೀ ನಿನ್ನ ಮುಖ ಇದೆ, ಸುತ್ತಲಿಂದೆಲ್ಲ ಕ್ರಾಪ್ ಮಾಡಿಬಿಟ್ಟಿದ್ದೀಯ. ಅದು ಸಾಲದು. ಸಾಧ್ಯ ಆದ್ರೆ ಲ್ಯಾಪ್‌ಟಾಪಲ್ಲಿ ತೆಗಿ, ಮೇಲೆ ಲಿಂಕ್ ಪೂರ್ತಿ ಕಾಣ್ಬೇಕು, ಅಕೌಂಟ್ ಹೆಸರು, ಪೋಸ್ಟ್ ಹಾಕಿದ ತಾರೀಕು, ಕೆಳಗೆ ನಿನ್ನ ಕಂಪ್ಯೂಟರ್ ಗಡಿಯಾರ ಎಲ್ಲ ಸೇರ್ಬೇಕು. ಲಿಂಕ್ ಕಾಪಿ ಮಾಡಿ ಬೇರೆ ಇಟ್ಕೋ, ಯಾಕಂದ್ರೆ ಪೇಜಿನ ಹೆಸರು ಬೆಳಗಾಗೋದ್ರೊಳಗೆ ಬದಲಾಯಿಸಬಹುದು. ದುಡ್ಡು ಕೊಟ್ಟು ಓಡಿಸ್ತಿರೋ ಜಾಹೀರಾತಾದ್ರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸೋ ಮೆಟಾದವರ ಆಡ್ ಲೈಬ್ರರಿ ಅಂತ ಇದೆ, ಯಾರು ಬೇಕಾದ್ರೂ ತೆಗೆದು ನೋಡಬಹುದು, ಅಲ್ಲಿ ಆ ಪೇಜಿನ ಹೆಸರು ಹಾಕಿದ್ರೆ ಜಾಹೀರಾತು ಯಾವತ್ತಿಂದ ಓಡ್ತಿದೆ, ಅದರ ಐಡಿ ನಂಬರ್ ಏನು ಅಂತ ಬರುತ್ತೆ. ಅದನ್ನೂ ತೆಗೆದಿಡು, ಇವತ್ತೇ.

ಇನ್ನು ಕಾನೂನು. "ನನ್ನ ಫೋಟೋ, ನನ್ನ ಹಕ್ಕು" ಅಂತ ಬರ್ದಿದ್ದೀಯಲ್ಲ, ಅಷ್ಟು ಸಲೀಸಲ್ಲ ಅದು. ಕಾನೂನು ಕೇಳೋದೇ ಬೇರೆ, ಫೋಟೋ ತೆಗ್ದೋರು ಯಾರು, ಎಂಥ ಫೋಟೋ, ಹಾಕಿದ್ದು ಯಾತಕ್ಕೆ. ಕಾಪಿರೈಟ್ ಸಾಮಾನ್ಯವಾಗಿ ತೆಗ್ದೋರದ್ದು, ಫೋಟೋದಲ್ಲಿ ಇರೋರದ್ದಲ್ಲ! ಸೆಲ್ಫಿ ಆಗಿದ್ರೆ ನಿನ್ನದೇ, ಆಗ ಕಾಪಿರೈಟ್ ಕಂಪ್ಲೇಂಟ್ ಹಾಕೋದು ಎಲ್ಲಕ್ಕಿಂತ ಬೇಗ ಕೆಲ್ಸ ಮಾಡುತ್ತೆ, ಅಮೆರಿಕದ 1998ರ ಡಿಎಂಸಿಎ ಅನ್ನೋ ಕಾಪಿರೈಟ್ ಕಾಯ್ದೆಯಿಂದಾಗಿ ದೊಡ್ಡ ಸೈಟುಗಳೆಲ್ಲ ಅದಕ್ಕೊಂದು ಫಾರ್ಮ್ ಇಟ್ಟಿರ್ತವೆ. ಗೆಳತಿ ತೆಗೆದಿದ್ರೆ ಅವಳ ಕೈಲೇ ಹಾಕ್ಸು. ಒಂದು ಎಚ್ಚರ, ಆ ಫಾರ್ಮಲ್ಲಿ ಕೊಟ್ಟ ಹೆಸರು, ಇಮೇಲ್ ಎದುರು ಪಾರ್ಟಿಗೂ ಹೋಗಬಹುದು. ಕ್ರೀಮ್ ಮಾರೋರಾದ್ರೆ ಪರವಾಗಿಲ್ಲ, ಹಿಂದೆ ಬಿದ್ದು ಕಾಟ ಕೊಡೋ ಮನುಷ್ಯ ಆಗಿದ್ರೆ ಮಾತ್ರ ವಕೀಲರ ಮೂಲಕವೇ ಕಳಿಸ್ಬೇಕು.

ನಿನ್ನ ಕೇಸಲ್ಲಿ ಗಟ್ಟಿ ಇರೋದು ವ್ಯಾಪಾರಕ್ಕೆ ಬಳಸಿದ್ದು ಅನ್ನೋ ಅಂಶ. ಇದು ಇಂಟರ್ನೆಟ್ ಬಂದ್ಮೇಲೆ ಹುಟ್ಟಿದ ರಗಳೆ ಅಲ್ಲ ಕಣೇ. ಅಮೆರಿಕದಲ್ಲಿ ಅಬಿಗೇಲ್ ರಾಬರ್ಸನ್ ಅನ್ನೋ ಹುಡುಗಿಯ ಚಿತ್ರ ಹಾಕಿ ಹಿಟ್ಟಿನ ಕಂಪನಿಯೋರು ಸುಮಾರು 25,000 ಪೋಸ್ಟರ್ ಹೊಡಿಸಿಬಿಟ್ರು, ಅವಳನ್ನ ಒಂದು ಮಾತೂ ಕೇಳ್ಲಿಲ್ಲ. 1902ರಲ್ಲಿ ನ್ಯೂಯಾರ್ಕಿನ ಮೇಲಿನ ಕೋರ್ಟು ಅಂಥ ಹಕ್ಕೇ ಇಲ್ಲ ಅಂತ ನಾಲ್ಕಕ್ಕೆ ಮೂರು ಮತದಲ್ಲಿ ಅವಳ ಕೇಸ್ ಬೀಳಿಸ್ತು, ಜನ ಎಷ್ಟು ಉಗಿದ್ರು ಅಂದ್ರೆ ಮುಂದಿನ ವರ್ಷವೇ ಶಾಸನಸಭೆ ಕಾನೂನು ತಂತು, ಬರಹದಲ್ಲಿ ಒಪ್ಪಿಗೆ ಇಲ್ದೆ ಯಾರ ಹೆಸರು, ಚಿತ್ರವನ್ನೂ ಜಾಹೀರಾತಿಗೆ ಬಳಸೋಹಾಗಿಲ್ಲ ಅಂತ. ಈಗ ಎಷ್ಟೋ ದೇಶಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದಿದೆ. ಯುರೋಪಲ್ಲಾದ್ರೆ 2018ರಿಂದ ಜಾರಿಯಲ್ಲಿರೋ ಜಿಡಿಪಿಆರ್ ಅನ್ನೋ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನಿನ ಪ್ರಕಾರ ಕಂಪನಿಗೇ ನೇರ ಬರೆದು ನನ್ನ ಚಿತ್ರ ಅಳಿಸಿ ಅಂತ ಕೇಳ್ಬಹುದು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಲೇಬೇಕು. ಭಾರತದಲ್ಲಿ 2021ರ ಐಟಿ ನಿಯಮ ಬಂದಾಗಿಂದ ಸೈಟಿನೋರು ದೂರು ಅಧಿಕಾರಿ ಇಡಬೇಕು, ಮೊದಲ ಅರ್ಜಿ ಅವರಿಗೇ.

ಎಲ್ಲ ಫೋಟೋಗೂ ಹೀಗೆ ಆಗಲ್ಲ ಅನ್ನೋದೂ ತಿಳ್ಕೊಂಡಿರು. ರಸ್ತೇಲಿ, ಸಭೇಲಿ ಗುಂಪಿನ ಮಧ್ಯೆ ನಿಂತಿರೋ ಫೋಟೋ ಯಾರೋ ಹಾಕಿದ್ರೆ ಬಹಳ ಕಡೆ ಕಾನೂನು ಏನೂ ಮಾಡಲ್ಲ, ತೆಗೀರಪ್ಪ ಅಂತ ಕೇಳೋದೊಂದೇ ದಾರಿ. ಅದೇ ಫೋಟೋ ಮೇಲೆ "ಕಳ್ಳಿ" ಅಂತ ಬರೆದ್ರೆ ಅದು ಮಾನನಷ್ಟ.

ಕೊನೇಲಿ ನಿನ್ನ ಫ್ರೆಂಡ್ ವಿಷಯ ಒಂದೇ ಸಾಲಲ್ಲಿ ಬರೆದು ಬಿಟ್ಟಿದ್ದೀಯ, ನಂಗೆ ನಿನ್ನ ಕ್ರೀಮಿಗಿಂತ ಅದೇ ಚಿಂತೆ. ಹಳೇ ಹುಡುಗ ಖಾಸಗಿ ಫೋಟೋ ಹಾಕ್ತೀನಿ ಅಂತ ಹೆದರಿಸ್ತಿದಾನೆ ಅಂದ್ರೆ ಅವನು ಹಾಕೋವರೆಗೂ ಕಾಯೋದೇನಿಲ್ಲ, ಬೆದರಿಕೆಯೇ ಅಪರಾಧ ಅಂತ ಎಷ್ಟೋ ದೇಶದ ಕಾನೂನಲ್ಲಿದೆ. ಅವಳು ದುಡ್ಡು ಕೊಡಬಾರ್ದು, ಒಂದ್ಸಲ ಕೊಟ್ರೆ ಇನ್ನೊಂದ್ಸಲ ಕೇಳ್ತಾನೆ, ನಾಚ್ಕೆಯಿಂದ ಚಾಟ್ ಅಳಿಸಲೂ ಬಾರ್ದು. ಸ್ಟಾಪ್‌ಎನ್‌ಸಿಐಐ ಅಂತ ಒಂದು ಸೈಟಿದೆ, ಬ್ರಿಟನ್ನಿನ ಚಾರಿಟಿಯೊಂದು ನಡೆಸೋದು, ದುಡ್ಡಿಲ್ಲ. ಅಲ್ಲಿ ಫೋಟೋ ಅಪ್‌ಲೋಡ್ ಆಗೋದೇ ಇಲ್ಲ, ಅವಳ ಫೋನಲ್ಲೇ ಆ ಫೋಟೋದ ಗುರುತಿನ ಕೋಡ್ ತಯಾರಾಗಿ ಆ ಕೋಡ್ ಮಾತ್ರ ಹೋಗುತ್ತೆ, ಜೊತೆ ಸೇರಿರೋ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಥರದವರು ಆ ಕೋಡ್‌ಗೆ ಹೊಂದೋದು ಕಂಡ್ರೆ ತಡೀತಾರೆ. ಅವಳಿಗೆ 18 ತುಂಬಿದ್ರೆ ಇದು. ಫೋಟೋ 18 ಆಗೋಕೆ ಮುಂಚಿಂದಾದ್ರೆ ಅಮೆರಿಕದ ಎನ್‌ಸಿಎಂಇಸಿ ಅನ್ನೋ ಮಕ್ಕಳ ರಕ್ಷಣೆ ಸಂಸ್ಥೆ ನಡೆಸೋ ಟೇಕ್ ಇಟ್ ಡೌನ್ ಅಂತ ಬೇರೆ ಇದೆ, ಮತ್ತೆ ಅಂಥ ಫೋಟೋನ ಸಾಕ್ಷಿಗೆ ಅಂತಾನೂ ನೀನು ಸೇವ್ ಮಾಡ್ಬೇಡ, ನಂಗೂ ಕಳಿಸ್ಬೇಡ, ಬರೀ ಲಿಂಕ್ ಬರ್ಕೊಂಡು ಪೊಲೀಸರಿಗೆ ಕೊಡಿ. ಇಟ್ಕೊಳ್ಳೋದೇ ಅಪರಾಧ ಅಂತ ಕಾನೂನಿದೆ ಬಹಳ ಕಡೆ.

ಅಮೆರಿಕದಲ್ಲಿ 2025ರ ಕಾಯ್ದೆ ಪ್ರಕಾರ ಇಂಥ ಖಾಸಗಿ ಚಿತ್ರ ದೂರು ಬಂದ 48 ಗಂಟೆಯೊಳಗೆ ಸೈಟಿನೋರು ತೆಗೆದುಹಾಕ್ಬೇಕು, ಏಐಲಿ ಮಾಡಿದ ನಕಲಿಗೂ ಅದೇ. ಭಾರತದ ಐಟಿ ಕಾಯ್ದೆಯ ಸೆಕ್ಷನ್ 66ಇ ಪ್ರಕಾರ ಒಪ್ಪಿಗೆ ಇಲ್ದೆ ಇಂಥ ಚಿತ್ರ ಹಾಕಿದೋರಿಗೆ ಮೂರು ವರ್ಷದವರೆಗೆ ಜೈಲಿದೆ.

ನೇರ ಕೋರ್ಟಿಗೇ ಹೋಗೋಣ ಅಂದ್ಯಲ್ಲ, ಈಗ್ಲೇ ಬೇಡ. 2003ರಲ್ಲಿ ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್ ತನ್ನ ಮನೆ ಫೋಟೋನ ಇಂಟರ್ನೆಟ್ಟಿಂದ ತೆಗೆದುಹಾಕ್ಬೇಕು ಅಂತ 5 ಕೋಟಿ ಡಾಲರ್‌ಗೆ ಕೇಸ್ ಹಾಕಿದ್ಲು, ಅಲ್ಲೀವರೆಗೆ ಆ ಫೋಟೋ ಡೌನ್‌ಲೋಡ್ ಆಗಿದ್ದು 6 ಸಲ, ಅದ್ರಲ್ಲಿ ಎರಡು ಅವಳ ವಕೀಲರದ್ದೇ, ಕೇಸ್ ಸುದ್ದಿ ಆದ್ಮೇಲೆ ಒಂದೇ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಮೀರಿ ಜನ ನೋಡಿದ್ರು. ನಿನ್ನ ಜಾಹೀರಾತು ಮೊದ್ಲು ಸದ್ದಿಲ್ದೆ ಇಳೀಲಿ, ಪರಿಹಾರ ಕೇಳೋದು ಆಮೇಲೂ ಆಗುತ್ತೆ, ಸಾಕ್ಷಿ ಕೈಲಿದ್ರೆ.

ಸಂಜೆಯೊಳಗೆ ಹೊಸ ಸ್ಕ್ರೀನ್‌ಶಾಟ್, ಲಿಂಕ್, ಮತ್ತೆ ಫೋನಲ್ಲಿರೋ ಒರಿಜಿನಲ್ ಫೋಟೋ ಇಮೇಲ್ ಮಾಡು, ವಾಟ್ಸಾಪಲ್ಲಿ ಕಳಿಸ್ಬೇಡ, ಅದ್ರಲ್ಲಿ ತೆಗೆದ ದಿನದ ವಿವರ ಎಲ್ಲ ಹೋಗ್ಬಿಡುತ್ತೆ. ನೋಟಿಸ್ ನಾನು ಬರೆದಿಟ್ಟಿರ್ತೀನಿ. ನಿನ್ನ ಫ್ರೆಂಡ್‌ಗೆ ನನ್ನ ನಂಬರ್ ಕೊಡು, ರಾತ್ರಿ ಆದ್ರೂ ಫೋನ್ ಮಾಡ್ಲಿ.

ನಿನ್ನ ಅತ್ತೆ